ಕೊಡಗಿನ ಮಳೆಗೆ ಯಾವ 40 ಮೀಟರ್ ಆಂಟೆನಾ: ಡೈಪೋಲ್, ಎಂಡ್‌ಫೆಡ್, ವರ್ಟಿಕಲ್

ಹ್ಯಾಮ್ ರೇಡಿಯೊದಲ್ಲಿ (ಹವ್ಯಾಸಿಗಳ ರೇಡಿಯೊ) 2 ಮೀಟರ್ ಅಲೆಯುದ್ದದ ಬ್ಯಾಂಡಿನ ಹ್ಯಾಂಡ್‌ಸೆಟ್ ಕೊಡಗಿನಲ್ಲಿ ಮುಂದಿನ ಗುಡ್ಡಕ್ಕೇ ನಿಲ್ಲುತ್ತದೆ. 2018ರ ಆಗಸ್ಟ್‌ನಂಥ ಮಳೆಯಲ್ಲಿ ಮಡಿಕೇರಿಯಿಂದ ಮೈಸೂರು, ಮಂಗಳೂರು ಹಿಡಿಯಲು ಹಗಲಲ್ಲಿ 7.0–7.2 ಮೆಗಾಹರ್ಟ್ಜ್, ಅಂದರೆ 40 ಮೀಟರ್ ಬ್ಯಾಂಡ್ ಬೇಕು. ಒಂದೇ ತೋಟದಲ್ಲಿ, ಒಂದೇ 100 ವಾಟ್ ಸೆಟ್ಟಿಗೆ ಮೂರು ಆಂಟೆನಾ ಕಟ್ಟಿ ನೋಡಿದ್ದೇವೆ.

ಹತ್ತಿರದ ಊರುಗಳಿಗೆ ಇನ್ವರ್ಟೆಡ್ ವಿ ಡೈಪೋಲೇ (ನಡುವೆ ಕೇಬಲ್ ಸೇರಿ, ಎರಡೂ ತುದಿ ಕೆಳಗಿಳಿಯುವ ತಂತಿ) ಗೆದ್ದಿತು. 1.5 ಚದರ ಮಿ.ಮೀ. ವೈರಿಂಗ್ ತಂತಿ, ಒಂದೊಂದು ಕಡೆಗೆ 10.3 ಮೀಟರ್. ಹೆಚ್ಚಾದದ್ದನ್ನು ಕತ್ತರಿಸಬೇಡಿ, ಹಿಂದಕ್ಕೆ ಮಡಚಿ ಅದೇ ತಂತಿಗೆ ಸುತ್ತಿ. ಎರಡೂ ಕಡೆ 10 ಸೆಂ.ಮೀ. ಮಡಚಿದರೆ ಆಂಟೆನಾ ಹೊಂದುವ ಆವರ್ತನ ಸುಮಾರು 70 ಕಿಲೋಹರ್ಟ್ಜ್ ಮೇಲೇರುತ್ತದೆ. ನಡುಭಾಗ 6 ಮೀಟರ್ ಎತ್ತರವಿದ್ದರೆ ಸಾಕು, ಮೆಣಸು ಕೊಯ್ಯುವ ಏಣಿಗೆ ಎಟುಕುತ್ತದೆ. ಇಷ್ಟು ತಗ್ಗಿನಲ್ಲಿ ಅಲೆ ನೆಟ್ಟಗೆ ಮೇಲೇರಿ, ಅಯಾನುಗೋಳದಿಂದ (ವಾತಾವರಣದ ಮೇಲಿನ ವಿದ್ಯುದಾವೇಶದ ಪದರ) ಮರಳಿ ಸುತ್ತಲೂ ಬೀಳುತ್ತದೆ. ಬೆಟ್ಟ ಅಡ್ಡ ಬರುವುದಿಲ್ಲ. ಸಿಲ್ವರ್ ಮರ ಗಾಳಿಗೆ ಓಲಾಡಿ ತಂತಿ ಹರಿಯುತ್ತದೆ, ಹಾಗಾಗಿ ತುದಿಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ಕಲ್ಲು ತೂಗುಬಿಡಿ.

ಒಂದು ತುದಿಯಲ್ಲೇ ಕೇಬಲ್ ಸೇರುವ ಎಂಡ್‌ಫೆಡ್‌ಗೆ ಒಂದೇ ಮರ ಸಾಕು: 20 ಮೀಟರ್ ತಂತಿ, ಅದನ್ನು ಸೆಟ್ಟಿಗೆ ಹೊಂದಿಸುವ 49:1 ಟ್ರಾನ್ಸ್‌ಫಾರ್ಮರ್ (2 ಸುತ್ತಿಗೆ 14 ಸುತ್ತು). 20, 15, 10 ಮೀಟರ್ ಬ್ಯಾಂಡುಗಳೂ ಸಿಗುತ್ತವೆ. ಆದರೆ 100 ವಾಟ್‌ನಲ್ಲಿ ತಂತಿಯ ತುದಿಗೆ ಸುಮಾರು 500 ವೋಲ್ಟ್ ಇರುತ್ತದೆ. ಒದ್ದೆ ಮೆಣಸುಬಳ್ಳಿ ಅಲ್ಲಿ ತಾಗಿದರೆ ಟ್ಯೂನಿಂಗ್ ಜಾರುತ್ತದೆ. ಕೋಆಕ್ಸ್ (ಸೆಟ್ಟಿನಿಂದ ಆಂಟೆನಾಗೆ ಹೋಗುವ ಕೇಬಲ್) ಹೊರಮೈ ಕೂಡ ಆಂಟೆನಾದಂತೆ ಕೆಲಸ ಮಾಡಿ ಮನೆಯ ಇನ್ವರ್ಟರ್ ಸದ್ದನ್ನು ಎಳೆಯುತ್ತದೆ. ಅದನ್ನು ತಡೆಯಲು ಸೆಟ್ಟಿನ ಹತ್ತಿರ ಫೆರೈಟ್ (ಕಾಂತೀಯ ವಸ್ತು) ರಿಂಗಿಗೆ ಕೇಬಲ್ಲನ್ನು 10–12 ಸುತ್ತು ಹಾಕಿ.

ನೆಟ್ಟಗೆ ನಿಲ್ಲಿಸುವ ವರ್ಟಿಕಲ್ ರಾತ್ರಿಯ ದೂರದ ಮಾತಿಗೆ ಚೆಂದ, ಮೈಸೂರಿಗೆ ಮಾತ್ರ ತೀರಾ ಕ್ಷೀಣ: ಅದು ಮೇಲಕ್ಕೆ ಅಲೆ ಕಳಿಸುವುದೇ ಇಲ್ಲವೆನ್ನಬಹುದು. ಕಾಫಿ ಸಾಲಿನಲ್ಲಿ ಹಾಸಿದ ರೇಡಿಯಲ್‌ಗಳನ್ನು (ಆಂಟೆನಾ ಬುಡದಿಂದ ನೆಲದ ಮೇಲೆ ಹರಡುವ ತಂತಿಗಳು) ಕಳೆ ಕೊಚ್ಚುವ ಯಂತ್ರ ತುಂಡರಿಸುತ್ತದೆ.

ಸೆಟ್ಟಿನಲ್ಲಿ ಸೆಕೆಂಡಿಗೊಂದರಂತೆ ‘ಟಕ್’ ಕೇಳಿದರೆ ವಿದ್ಯುತ್ ಹರಿಯುವ ಆನೆ ಬೇಲಿಯ ಕಡೆ ನೋಡಿ. ಬಳ್ಳಿ ತಾಗಿದಲ್ಲಿ ಅಥವಾ ಇನ್ಸುಲೇಟರ್ ಸೀಳಿದಲ್ಲಿ ಕಿಡಿ ಹಾರುತ್ತಿರುತ್ತದೆ. ಸೆಟ್ಟಿನ ನಾಯ್ಸ್ ಬ್ಲ್ಯಾಂಕರ್ (ಇಂಥ ಸದ್ದು ಅಳಿಸುವ ಸೌಲಭ್ಯ) ತಕ್ಕಮಟ್ಟಿಗೆ ತಡೆಯುತ್ತದೆ, ಬಳ್ಳಿ ಸವರುವುದೇ ಪರಿಹಾರ.

ಮೂರಕ್ಕೂ ದೊಡ್ಡ ಶತ್ರು ನೀರು. ಕನೆಕ್ಟರಿಗೆ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಅದರ ಮೇಲೆ ಪಿವಿಸಿ ಟೇಪ್. ಕೇಬಲ್ ಕೆಳಗೆ ಬಾಗಿ ಮತ್ತೆ ಮೇಲೇರಿ ಮನೆ ಸೇರಲಿ, ಹನಿ ಬಾಗಿದಲ್ಲೇ ತೊಟ್ಟಿಕ್ಕುತ್ತದೆ. ನೀರು ಒಳಹೊಕ್ಕ ಕೇಬಲ್ಲಿನ ತಾಮ್ರದ ಜಾಲರಿ ಕಪ್ಪಾಗಿರುತ್ತದೆ. ಅದರಲ್ಲಿ ನಷ್ಟ ಹೆಚ್ಚಿದಷ್ಟೂ ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾ ಕಡೆಯಿಂದ ಮರಳುವ ಶಕ್ತಿಯನ್ನು ಸೂಚಿಸುವುದು) 1.2 ಎಂದು ಚೆನ್ನಾಗಿಯೇ ತೋರಿಸಬಹುದು. ನಂಬಬೇಡಿ, ಕೇಬಲ್ಲಿನ ತುದಿಯಲ್ಲಿ 50 ಓಮ್ ಡಮ್ಮಿ ಲೋಡ್ (ಆಂಟೆನಾ ಬದಲಿನ ರೆಸಿಸ್ಟರ್) ಹಾಕಿ, ಎರಡೂ ಕಡೆ ವಾಟ್ ಅಳೆಯಿರಿ.