ಸಿಎಂಎಫ್ ಫೋನ್ 1: ಹೊಸ ಚಿಪ್ಪಿನೊಳಗಿನ ಹಳೇ ಕೋರು

ಶಿವಮೊಗ್ಗದ ನೆಹರೂ ರಸ್ತೆಯಲ್ಲೋ ದುರ್ಗಿಗುಡಿಯಲ್ಲೋ ಹದಿನಾರು ಸಾವಿರದ ಆಸುಪಾಸಿನ ಫೋನ್ ಕೇಳಿದರೆ ಕೌಂಟರಿನಿಂದ ಬರುವುದು ಎರಡೇ ಮಾತು: ‘ಆಕ್ಟಾ ಕೋರ್ ಇದೆ, ಫೈವ್ ಜಿ ಇದೆ.’ ಆಕ್ಟಾ ಕೋರ್ ಅಂದರೆ ಫೋನಿನ ಚಿಪ್ಪಿನಲ್ಲಿ ಲೆಕ್ಕ ಮಾಡುವ ಎಂಟು ಘಟಕ. ಆ ಎಂಟು ಕೋರು 2022ರ ರೆಡ್ಮಿ ನೋಟ್ 11ರಲ್ಲೂ ಇತ್ತು, 2024ರ ಜುಲೈನಲ್ಲಿ ₹15,999ಕ್ಕೆ ಬಂದ, ನಥಿಂಗ್ ಕಂಪನಿಯ ಸಿಎಂಎಫ್ ಫೋನ್ 1ರಲ್ಲೂ ಇದೆ. ಯಾವ ತಲೆಮಾರಿನ ಎಂಟು ಅಂತ ಕೇಳಬೇಕು.

ನೋಟ್ 11ರ ಚಿಪ್ಪು ಸ್ನಾಪ್‌ಡ್ರಾಗನ್ 680. ಅದರಲ್ಲಿ ಭಾರೀ ಕೆಲಸದ ದೊಡ್ಡ ಕೋರು ನಾಲ್ಕು, ಆರ್ಮ್ ಕಂಪನಿಯ ಕಾರ್ಟೆಕ್ಸ್ ಎ73 ಮೂಲದವು (ವಿನ್ಯಾಸ ಬಂದದ್ದು 2016). ಕರೆಂಟು ಉಳಿಸುವ ಸಣ್ಣವು ನಾಲ್ಕು, ಎ53 ಮೂಲದವು (2012). ಸಿಎಂಎಫ್‌ನ ಚಿಪ್ಪು ಡೈಮೆನ್ಸಿಟಿ 7300ರಲ್ಲಿ ನಾಲ್ಕು ಎ78 (2020), ನಾಲ್ಕು ಎ55 (2017). ಎರಡೂ ಆರ್ಮ್ ವಿ8 ವಂಶವೇ, ಅಂದರೆ ಅವು ಪಾಲಿಸುವ ಆಜ್ಞೆಗಳ ಪಟ್ಟಿ ಒಂದೇ ತಲೆಮಾರಿನದು, ಆದರೆ ನಡುವೆ ದೊಡ್ಡದೊಂದು ಬದಲಾವಣೆ ಆಗಿದೆ. ಹಳೆಯದರಲ್ಲಿ ದೊಡ್ಡ ಕೋರುಗಳದ್ದು ಒಂದು ಮನೆ, ಸಣ್ಣವುಗಳದ್ದು ಇನ್ನೊಂದು. ಕೆಲಸ ಅತ್ತಿಂದಿತ್ತ ಸಾಗಿಸುವಾಗ ಹೊತ್ತೂ ಕರೆಂಟೂ ವ್ಯರ್ಥ. 2017ರಲ್ಲಿ ಬಂದ ಡೈನಾಮಿಕ್ಯೂ ಏರ್ಪಾಡಿನಲ್ಲಿ ಎರಡೂ ಒಂದೇ ಸೂರಿನಡಿ. ವಾಟ್ಸಾಪ್‌ನಿಂದ ಯುಪಿಐಗೆ, ಅಲ್ಲಿಂದ ಕ್ಯಾಮೆರಾಗೆ ಹಾರುವಾಗ ಹಳೇ ಫೋನು ಮುಗ್ಗರಿಸುವುದಕ್ಕೆ ಇದೂ ಒಂದು ಕಾರಣ. ರ್‍ಯಾಮ್ ಒಂದನ್ನೇ ಬೈಯುವುದು ತಪ್ಪು.

ಸಣ್ಣ ಕೋರು ಮಾತ್ರ ಇಂದಿಗೂ ಸೊಸೈಟಿ ಅಕ್ಕಿಯ ಸಾಲಿನ ಹಾಗೆ: ಮುಂದಿನವನ ಕಾರ್ಡು ಸಿಗದಿದ್ದರೆ ಹಿಂದಿನವರೆಲ್ಲ ಕಾಯಬೇಕು. ದೊಡ್ಡ ಕೋರು ಕಾರ್ಡು ಕೈಯಲ್ಲಿದ್ದವನನ್ನು ಮೊದಲು ಕರೆಯುತ್ತದೆ. ಇಲ್ಲಿ ಕಾರ್ಡು ಅಂದರೆ ಆ ಕೆಲಸಕ್ಕೆ ಬೇಕಾದ ಮಾಹಿತಿ. ಹಾಗಾಗಿ ಎಂಟರಲ್ಲಿ ದೊಡ್ಡವು ಎಷ್ಟು, ಎರಡೋ ನಾಲ್ಕೋ ಎಂದು ನೋಡಿ. ಸಿಎಂಎಫ್‌ನಲ್ಲಿ ನಾಲ್ಕಿರುವುದು ಆ ಬೆಲೆಗೆ ಒಳ್ಳೆಯ ಲೆಕ್ಕ.

ಹೆಸರಿನ ಸಂಖ್ಯೆಯನ್ನಂತೂ ನಂಬಲೇಬೇಡಿ. ನಥಿಂಗ್ ಫೋನ್ 2ಎಯಲ್ಲಿರುವ ಡೈಮೆನ್ಸಿಟಿ 7200 ಪ್ರೊ ಸಂಖ್ಯೆಯಲ್ಲಿ ಚಿಕ್ಕದು, ಆದರೆ ಅದರ ಕೋರುಗಳು ಹೊಸವು: ಎರಡು ಎ715, ಆರು ಎ510, ಅಂದರೆ ವಿ8ರ ಮುಂದಿನ ಆರ್ಮ್ ವಿ9. ಗ್ರಾಫಿಕ್ಸ್ ಕೋರೂ ಅಲ್ಲಿ ನಾಲ್ಕು, ಸಿಎಂಎಫ್‌ನಲ್ಲಿ ಎರಡೇ. ಗೇಮ್ ಆಡುವವರು 2ಎ ಕಡೆಗೇ ಹೋಗಲಿ. ಉಳಿದವರು ವಿ9 ಇಲ್ಲವೆಂದು ಕೊರಗಬೇಕಾಗಿಲ್ಲ. ದಿನಬಳಕೆಯ ಬಹುತೇಕ ಆ್ಯಪ್‌ಗಳನ್ನು ಇನ್ನೂ ವಿ8ರ ಮಟ್ಟಕ್ಕೇ ಕಟ್ಟಲಾಗುತ್ತಿದೆ.

ಮಲೆನಾಡಿನಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಕೋರಿಗಿಂತ ಸಿಎಂಎಫ್ ಚಿಪ್ಪಿನ 4 ನ್ಯಾನೊಮೀಟರ್ ತಯಾರಿಕೆ, 680ರದ್ದು 6. ಸಾಮಾನ್ಯವಾಗಿ ಈ ಅಂಕಿ ಚಿಕ್ಕದಾದಷ್ಟೂ ಚಿಪ್ಪು ತಿನ್ನುವ ಕರೆಂಟು ಕಡಿಮೆ. ಹೊಸನಗರ, ಆಗುಂಬೆ ಕಡೆ ಗುಡ್ಡದ ಮರೆಯಲ್ಲಿ ಒಂದೇ ಕಡ್ಡಿ ಸಿಗ್ನಲ್ ಇದ್ದಾಗ ಟವರ್ ಮುಟ್ಟಲು ಫೋನು ಗಟ್ಟಿಯಾಗಿ ಕೂಗಬೇಕು. ಬ್ಯಾಟರಿ ಕರಗುವುದೂ ಬೆನ್ನು ಬಿಸಿಯಾಗುವುದೂ ಆಗಲೇ. ಚಿಪ್ಪು ತನ್ನ ಪಾಲಿನ ಕರೆಂಟು ಉಳಿಸಿದರೆ 5,000 ಎಂಎಎಚ್ ಬ್ಯಾಟರಿ ಅಷ್ಟು ದೂರ ಹೋಗುತ್ತದೆ. ಆದರೂ 5ಜಿ ಬಂದು ಹೋಗುವ ಊರಾದರೆ ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್‌ನೆಟ್, ಸಿಮ್ಸ್, ಪ್ರಿಫರ್ಡ್ ನೆಟ್‌ವರ್ಕ್ ಟೈಪ್‌ಗೆ ಹೋಗಿ 4ಜಿಗೆ ಕಟ್ಟಿಹಾಕಿ. ಬಿಎಸ್‌ಎನ್‌ಎಲ್ ನಂಬಿದವರು ಯಾವ ಫೋನಾದರೂ ಸರಿ, ಬ್ಯಾಂಡ್ 28 (700 ಮೆಗಾಹರ್ಟ್ಸ್ ತರಂಗ) ಇದೆಯೇ ಎಂದು ಪಟ್ಟಿಯಲ್ಲಿ ನೋಡಿಯೇ ಕೊಳ್ಳಿ. ಅದರ 4ಜಿ ನಡೆಯುವ ತರಂಗಗಳಲ್ಲಿ 700 ಮೆಗಾಹರ್ಟ್ಸ್ ಒಂದು, ಮರ-ಗುಡ್ಡದ ನಡುವೆ ದೂರ ಹೋಗುವುದೂ ಅದೇ.

ಮಂಡಿ, ಅಂಗಡಿಯವರಿಗೊಂದು ಎಚ್ಚರಿಕೆ. ಬ್ಲೂಟೂತ್ ಪ್ರಿಂಟರ್, ತೂಕದ ಯಂತ್ರದ ಹಳೇ ಆ್ಯಪ್‌ಗಳಲ್ಲಿ 32 ಬಿಟ್‌ನವು (ಈಗಿನ 64 ಬಿಟ್‌ಗೂ ಹಿಂದಿನ ಬಗೆ) ಇನ್ನೂ ಇವೆ. ಸಿಎಂಎಫ್‌ನ ಎ78 ಅವನ್ನು ನಡೆಸಬಲ್ಲದು. ನಥಿಂಗ್ 2ಎಯ ಎ715 ಬರೀ 64 ಬಿಟ್. ಆದರೆ ಸಿಎಂಎಫ್ ಫೋನು ಬಂದಾಗ ಅದರಲ್ಲಿದ್ದ ಆಂಡ್ರಾಯ್ಡ್ 14 ಬೇರೆ ತಡೆ ಹಾಕಿದೆ: ಆಂಡ್ರಾಯ್ಡ್ 6ಕ್ಕಿಂತ ಹಿಂದಿನ ಮಟ್ಟಕ್ಕೆ ಬರೆದ ಎಪಿಕೆಯನ್ನು (ಆ್ಯಪ್‌ನ ಫೈಲನ್ನು) ಇನ್‌ಸ್ಟಾಲ್ ಮಾಡಲು ಬಿಡುವುದಿಲ್ಲ. ಹಳೇ ಫೋನು ಎಕ್ಸ್‌ಚೇಂಜ್‌ಗೆ ಕೊಡುವ ಮೊದಲೇ ನಿಮ್ಮ ಆ್ಯಪ್ ಹೊಸದರಲ್ಲಿ ಓಡಿಸಿ ನೋಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಸಿಪಿಯು-ಝಡ್ ಆ್ಯಪ್ ಹಾಕಿ. ಮೊದಲ ಪುಟದಲ್ಲಿ ಕೋರಿನ ಹೆಸರು, ಸಿಸ್ಟಂ ಪುಟದಲ್ಲಿ ಕರ್ನಲ್ ಆರ್ಕಿಟೆಕ್ಚರ್ ಇರುತ್ತದೆ. ಅಲ್ಲಿ ‘ಎಆರ್ಚ್64’ (aarch64) ಇರಬೇಕು. ‘ಆರ್ಮ್‌ವಿ7ಎಲ್’ (armv7l) ಅಥವಾ ‘ಆರ್ಮ್‌ವಿ8ಎಲ್’ (armv8l) ಕಂಡರೆ ಒಳಗಿರುವುದು 32 ಬಿಟ್ ಆಂಡ್ರಾಯ್ಡ್, ಬಿಟ್ಟು ಬನ್ನಿ.

ಸಿಎಂಎಫ್‌ನಲ್ಲಿ ಸಿಟ್ಟು ಬರಿಸುವುದು ಬೇರೆ ಸಂಗತಿಗಳು. ಡಬ್ಬಿಯಲ್ಲಿ ಚಾರ್ಜರ್ ಇಲ್ಲ, 33 ವ್ಯಾಟ್‌ನದನ್ನು ಬೇರೆ ಕೊಳ್ಳಬೇಕು. ಸ್ಪೀಕರ್ ಒಂದೇ. ಫೋನು ತಾಗಿಸಿ ಹಣ ಕೊಡುವ ಎನ್‌ಎಫ್‌ಸಿ ಇಲ್ಲ. ನೀರು-ಧೂಳು ತಡೆಯ ದರ್ಜೆ ಐಪಿ52, ಅಂದರೆ ನೀರಿನ ಮಟ್ಟಿಗೆ ತುಸು ಓರೆ ಹಿಡಿದಾಗ ಮೇಲಿಂದ ತೊಟ್ಟಿಕ್ಕುವ ಹನಿ ತಡೆದೀತು, ಅಷ್ಟೇ. ಅಡ್ಡಡ್ಡ ಬೀಸುವ ಆಷಾಢದ ಮಳೆ ಆ ಲೆಕ್ಕದಲ್ಲಿಲ್ಲ. ತೋಟಕ್ಕೆ ಒಯ್ಯುವಾಗ ಜಿಪ್ ಕವರ್ ಇರಲಿ.