ಟ್ಯೂಬ್ ಕೂಲರಾ, ಪ್ಲೇಟ್ ಕೂಲರಾ? ಆಗುಂಬೆ ಘಾಟಿ ಹತ್ತಿಸಿ ನೋಡಿದ್ದು

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ತಣಿಸಲು ಹೊರಗಿನಿಂದ ಹಾಕಿಸುವ ಕೂಲರಿನಲ್ಲಿ ಎರಡು ಬಗೆ, ಟ್ಯೂಬ್ ಮತ್ತು ಪ್ಲೇಟ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಪ್ಲೇಟ್ ಕೂಲರ್‌ಗೆ. ಅದೂ ಜೆಸಿಬಿಗೆ ಹಾಕುವಂಥ ಹೈಡ್ರಾಲಿಕ್ ಹೋಸಿಗೆ ಲೋಹದ ತುದಿ ಪ್ರೆಸ್ ಮಾಡಿಸಿ (ಯಂತ್ರದಲ್ಲಿ ಒತ್ತಿಸಿ) ಹಾಕಿದ ಪ್ಲೇಟ್ ಕೂಲರ್‌ಗೆ. ಟ್ಯೂಬ್ ಕೂಲರ್ ಒಂದು ಮಳೆಗಾಲವಿಡೀ ನನ್ನ ಗಾಡಿಯಲ್ಲಿತ್ತು, ಪ್ಲೇಟ್ ಕೂಲರ್ ಬಂದು ಇದು ಎರಡನೇ ವರ್ಷ. ಒಂದೇ ಗಾಡಿ, ಒಂದೇ ಘಾಟಿ, ಹೆಚ್ಚುಕಮ್ಮಿ ಒಂದೇ ಲೋಡ್.

ನನ್ನದು ಆಟೋಮ್ಯಾಟಿಕ್ ಗೇರಿನ ಡಬಲ್ ಕ್ಯಾಬ್ ಪಿಕಪ್, ಮನೆ ತೀರ್ಥಹಳ್ಳಿ ಹತ್ತಿರ. ಗಾಡಿ ಎರಡಿಂಚು ಎತ್ತರಿಸಿ, ದಪ್ಪ ಟೈರ್ ಹಾಕಿಸಿ, ಮುಂದೆ ಕಬ್ಬಿಣದ ಬಂಪರ್, ವಿಂಚ್ ಕೂರಿಸಿದ್ದೇನೆ. ತೋಟದ ಕೆಲಸಕ್ಕೆ ಇವೆಲ್ಲ ಬೇಕೇ ಬೇಕು. ಆದರೆ ರೇಡಿಯೇಟರಿಗೆ ಹೋಗಬೇಕಾದ ಗಾಳಿಗೆ ಬಂಪರ್, ವಿಂಚ್ ಎರಡೂ ಅಡ್ಡ. ವಾರಕ್ಕೊಮ್ಮೆ ಉಡುಪಿ ಕಡೆ ಇಳಿದು, ಲೋಡ್ ತುಂಬಿಕೊಂಡು ಸೋಮೇಶ್ವರದಿಂದ ಆಗುಂಬೆ ಹತ್ತುತ್ತೇನೆ. 14 ಹೇರ್‌ಪಿನ್ ತಿರುವು. ಅಷ್ಟು ನಿಧಾನಕ್ಕೆ ಹತ್ತುವಾಗ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಲಾಕ್ ಆಗದೆ ಜಾರುತ್ತಲೇ ಇರುತ್ತದೆ, ಬಿಸಿ ಹುಟ್ಟುವುದೇ ಅಲ್ಲಿ. ಗಾಡಿಯ ಕಂಪ್ಯೂಟರ್ ಓದುವ ಓಬಿಡಿ ರೀಡರ್ ಸಿಕ್ಕಿಸಿ ಮೊಬೈಲಿನಲ್ಲಿ ನೋಡಿದರೆ ಮೇಲಿನ ತಿರುವುಗಳಲ್ಲಿ ಗೇರ್ ಆಯಿಲ್ ಶಾಖ 119 ಡಿಗ್ರಿ ತೋರಿಸಿತು. ಈ ಆಯಿಲ್‌ಗೆ 80ರಿಂದ 95 ಹಿತ. 120ರ ಆಚೆ ಆಯಿಲ್ ಕಪ್ಪಾಗಿ, ಒಳಗೆ ವಾರ್ನಿಶ್‌ನಂಥ ಅಂಟು ಕಟ್ಟುತ್ತದೆ. ಗೇರ್‌ಬಾಕ್ಸ್ ಬಿಚ್ಚಿಸುವ ಖರ್ಚು ನೆನೆದು ಕೂಲರ್ ಹುಡುಕಲು ಕೂತೆ.

ಮೊದಲು ಹಾಕಿಸಿದ್ದು ಟ್ಯೂಬ್ ಕೂಲರ್. ಹಾವಿನ ಹಾಗೆ ಸುತ್ತಿದ ಒಂದೇ ಕೊಳವೆ, ಅದರ ಮೇಲೆ ಅಲ್ಯೂಮಿನಿಯಂ ರೆಕ್ಕೆ. ಎರಡು ತುದಿಗೆ ರಬ್ಬರ್ ಹೋಸ್ ತೂರಿಸಿ ಕ್ಲಾಂಪ್ ಬಿಗಿದರೆ ಮುಗಿಯಿತು. ಕೂಲಿ ಸೇರಿ 6,500 ರೂಪಾಯಿ. ಅದೇ ಘಾಟಿಯಲ್ಲಿ 110ಕ್ಕೆ ಇಳಿಯಿತು. ಸಮಾಧಾನವೇ ಆಗಿತ್ತು, ಆದರೆ ಗ್ಯಾರೇಜಿನವರು ಹಾಕಿದ್ದು ಮಾಮೂಲಿ ಪೆಟ್ರೋಲ್ ಹೋಸ್. ಬಿಸಿ ಆಯಿಲ್ ಕುಡಿದು ಮೂರು ತಿಂಗಳಿಗೆ ಮೆತ್ತಗಾಗಿ, ಕ್ಲಾಂಪ್ ಅಂಚು ರಬ್ಬರಿನೊಳಗೆ ಇಳಿದಿತ್ತು. ಟ್ರಾನ್ಸ್‌ಮಿಷನ್ (ಗೇರ್‌ಬಾಕ್ಸ್) ಆಯಿಲ್‌ಗೆಂದೇ ಬರುವ ಹೋಸ್ ಕೇಳಿ ಹಾಕಿಸಿಕೊಂಡಿದ್ದರೆ ಈ ತೊಂದರೆ ಇರುತ್ತಿರಲಿಲ್ಲ.

ಪ್ಲೇಟ್ ಕೂಲರಿನಲ್ಲಿ ಆಯಿಲ್ ಒಂದರ ಮೇಲೊಂದು ಜೋಡಿಸಿದ ತೆಳು ತಟ್ಟೆಗಳೊಳಗೆ ಹರಡಿಕೊಂಡು ಹೋಗುತ್ತದೆ. ಅಷ್ಟೇ ಜಾಗದಲ್ಲಿ ಹೆಚ್ಚು ಬಿಸಿ ಬಿಡುತ್ತದೆ. ಈಗ ಆಗುಂಬೆ ತಲುಪುವಾಗ 96, 97. ಈ ಅಂಕಿಗಾಗಿಯೇ ನಾನು ಅದರ ಕಡೆ ನಿಂತದ್ದು.

ಆದರೆ ಅದನ್ನು ಕೂರಿಸುವಾಗ ಪಟ್ಟ ಪಾಡು ಎಲ್ಲರಿಗೂ ತಿಳಿದಿರಲಿ. ತೊಂದರೆ ಕೂಲರಿನದ್ದಲ್ಲ, ಥ್ರೆಡ್‌ನದ್ದು. ಹೊರದೇಶದ ಕೂಲರ್, ಅದರ ಬಾಯಿ 3/8 ಎನ್‌ಪಿಟಿ, ಅಂದರೆ ಅಮೆರಿಕದ ಪೈಪ್ ಥ್ರೆಡ್ ಅಳತೆ. ನಮ್ಮ ಕಡೆ ಟ್ರ್ಯಾಕ್ಟರ್, ಜೆಸಿಬಿ ಹೋಸ್ ಮಾಡುವಲ್ಲೆಲ್ಲ ಸಿಗುವುದು ಬ್ರಿಟಿಷ್ ಅಳತೆಯ 3/8 ಬಿಎಸ್‌ಪಿ ನಿಪ್ಪಲ್ (ಹೋಸ್ ಜೋಡಿಸುವ ಥ್ರೆಡ್ ತುಂಡು). ಕಣ್ಣಿಗೆ ಎರಡೂ ಒಂದೇ. ಎನ್‌ಪಿಟಿಗೆ ಇಂಚಿಗೆ 18 ಸುತ್ತು, ಬಿಎಸ್‌ಪಿಗೆ 19. ಹಲ್ಲಿನ ಕೋನವೂ ಬೇರೆ: ಒಂದು 60 ಡಿಗ್ರಿ, ಇನ್ನೊಂದು 55. ಶಿವಮೊಗ್ಗದ ಗ್ಯಾರೇಜೊಂದರಲ್ಲಿ ಬಿಎಸ್‌ಪಿ ನಿಪ್ಪಲ್‌ಗೆ ನಲ್ಲಿಗೆ ಸುತ್ತುವ ಬಿಳಿ ಟೇಪ್ ಸುತ್ತಿ, ಸ್ಪ್ಯಾನರ್ ಹಾಕಿ ಬಿಗಿದರು. ಎರಡು ಸುತ್ತು ಸಲೀಸಾಗಿ ಹೋಯಿತು, ಮೂರನೆಯದಕ್ಕೆ ಕರ್ ಎಂದು ಹಿಡಿಯಿತು. "ಟೈಟಾಯ್ತು ಸಾರ್" ಎಂದರು. ಗಾಡಿ ಸ್ಟಾರ್ಟ್ ಮಾಡಿ ಹತ್ತು ನಿಮಿಷ ನೋಡಿದೆವು, ಒಂದು ಹನಿಯೂ ಇಲ್ಲ.

ಆ ವಾರ ಆಗುಂಬೆ ಹತ್ತಿ ನಿಲ್ಲಿಸಿದಾಗ ಸುಟ್ಟ ವಾಸನೆ. ಬಗ್ಗಿ ನೋಡಿದರೆ ಬಂಪರಿನ ಕೆಳಗಂಚಿನಲ್ಲಿ ಕುಂಕುಮ ನೀರಿನಂಥ ಕೆಂಪು ಹನಿ ಸಾಲಾಗಿ ತೂಗುತ್ತಿತ್ತು. ತಣ್ಣಗಿದ್ದಾಗ ಹಿಡಿದ ಟೇಪ್ ಬಿಸಿಗೆ ಬಿಟ್ಟಿತ್ತು. ಕೈಯೊರೆಸುವ ಬಟ್ಟೆ ಕಟ್ಟಿ, ನಿಲ್ಲಿಸಿ ನಿಲ್ಲಿಸಿ ಮನೆ ಮುಟ್ಟುವಾಗ ಕತ್ತಲಾಗಿತ್ತು. ಆಯಿಲ್ ಕಮ್ಮಿಯಾದ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಓಡಿಸುವುದೆಂದರೆ ಪ್ರತಿ ಕಿಲೋಮೀಟರಿಗೂ ಎದೆ ಹೊಡೆದುಕೊಳ್ಳುತ್ತದೆ. ನಿಪ್ಪಲ್ ಬಿಚ್ಚಿದಾಗ ಕೂಲರಿನ ಬಾಯಿಯಿಂದ ಅಲ್ಯೂಮಿನಿಯಂ ಚೂರು ಸುರುಳಿ ಸುರುಳಿಯಾಗಿ ಉದುರಿತು. ಹಲ್ಲು ಹೋಗಿತ್ತು. ಆ ಕೂಲರ್ ದಂಡ, ಇನ್ನೊಂದು ತರಿಸಿದೆ.

ದಾರಿ ತೋರಿಸಿದವರು ಆಟೋ ಕಾಂಪ್ಲೆಕ್ಸಿನಲ್ಲಿ ಹೋಸ್ ಪ್ರೆಸ್ ಮಾಡುವ ಹಿರಿಯರೊಬ್ಬರು. ಥ್ರೆಡ್ ಅಳೆಯುವ ಪಿಚ್ ಗೇಜ್ ಇಟ್ಟು ನೋಡಿ, "ಇದು ನಮ್ಮ ಕಡೆ ಥ್ರೆಡ್ ಅಲ್ಲ ಮಾರಾಯ್ರೆ. ಇದಕ್ಕೆ ಜೆಐಸಿ ಅಡಾಪ್ಟರ್ ತನ್ನಿ, ಹೋಸ್ ನಾನು ಮಾಡಿಕೊಡ್ತೇನೆ" ಎಂದರು. ಜೆಐಸಿ ಎಂದರೆ ಹೈಡ್ರಾಲಿಕ್ ಹೋಸ್ ಜೋಡಿಸುವ ಫಿಟ್ಟಿಂಗಿನ ಒಂದು ಅಳತೆ. ರೇಸಿಂಗ್ ಸಾಮಾನಿನವರು ಎಎನ್ 6 ಎಂದು ಮಾರುವ ಫಿಟ್ಟಿಂಗಿಗೂ ಹೈಡ್ರಾಲಿಕ್ ಅಂಗಡಿಯ ಜೆಐಸಿ 6ಕ್ಕೂ ಅಳತೆ ಒಂದೇ, 9/16 ಇಂಚು, 18 ಸುತ್ತು, 37 ಡಿಗ್ರಿ ಕೋನ್. ಲೋಹಕ್ಕೆ ಲೋಹ ಕೂತು ಸೀಲ್ ಆಗುವುದರಿಂದ ಅಲ್ಲಿ ಟೇಪೇ ಬೇಡ. ಅಡಾಪ್ಟರ್ ಬೆಂಗಳೂರಿನಿಂದ ಬಂತು. ಅದರ ಎನ್‌ಪಿಟಿ ಕಡೆಗೆ ಮಾತ್ರ ದ್ರವದ ಸೀಲಂಟ್ ಹಚ್ಚಿದೆವು. ಟೇಪಿನ ಎಳೆ ಕಿತ್ತು ವಾಲ್ವ್ ಬಾಡಿಗೆ (ಗೇರ್‌ಬಾಕ್ಸಿನೊಳಗೆ ಆಯಿಲ್ ಹಂಚುವ ಭಾಗಕ್ಕೆ) ಹೋದರೆ ಅದೇ ಇನ್ನೊಂದು ತಲೆನೋವು. ಅಂದಿನಿಂದ ಇಂದಿನವರೆಗೆ ಒಂದು ಹನಿ ಇಳಿದಿಲ್ಲ.

ಹೋಸ್ 3/8 ಇಂಚಿನದು, ರಬ್ಬರಿನೊಳಗೆ ಒಂದೇ ಪದರ ತಂತಿ ಹೆಣೆದದ್ದು. 180 ಬಾರ್ ತಡೆಯುತ್ತದೆ, ಕೂಲರ್ ಲೈನಿನಲ್ಲಿ ಇರುವುದು ಕೆಲವೇ ಬಾರ್. ನೋಡಬೇಕಾದ್ದು ಒತ್ತಡವಲ್ಲ, ಶಾಖ. ಈ ಹೋಸಿಗೆ ಸಾಮಾನ್ಯ ಮಿತಿ 100 ಡಿಗ್ರಿ. ಹಾಗಾಗಿ ಆಯಿಲ್ ಮೊದಲು ಗಾಡಿಯ ಜೊತೆಗೇ ಬಂದ ಕಂಪನಿ ಕೂಲರಿಗೆ ಹೋಗಿ, ಅಲ್ಲಿಂದ ಹೊಸದಕ್ಕೆ ಬಂದು, ಆಮೇಲೆ ಗೇರ್‌ಬಾಕ್ಸಿಗೆ ಮರಳುವಂತೆ ಜೋಡಿಸಿದ್ದೇನೆ. ಈ ಹೋಸನ್ನು ಗಿಡ್ಡಕ್ಕೆ ಬಗ್ಗಿಸಲಾಗದು, ತಿರುವಿಗೆ ಐದಿಂಚು ಬೇಕು. ಬಂಪರ್ ಹಿಂದೆ ಅಷ್ಟು ಜಾಗವಿಲ್ಲದೆ 90 ಡಿಗ್ರಿ ತುದಿ ಪ್ರೆಸ್ ಮಾಡಿಸಬೇಕಾಯಿತು. ಇದರ ಬದಲು ಹೊರಗೆ ಸ್ಟೀಲ್ ಜಾಲರಿಯಿರುವ ಹೋಸ್ ಹಾಕಿದರೆ ಚಂದ, ಆದರೆ ತಾಗಿದ ಕಡೆಯೆಲ್ಲ ಗರಗಸದಂತೆ ಕೊಯ್ಯುತ್ತದೆ.

ಕೆಸರಿನ ವಿಷಯದಲ್ಲಿ ಟ್ಯೂಬ್ ಕೂಲರ್ ಮೇಲು. ರೆಕ್ಕೆ ವಿರಳ, ಬಕೆಟ್ ನೀರು ಎರಚಿದರೆ ಸಾಕು.

ಆಯಿಲ್ ಮಟ್ಟ ಎರಡಕ್ಕೂ ಮತ್ತೆ ನೋಡಲೇಬೇಕು, ನನಗೆ ಅರ್ಧ ಲೀಟರ್ ಹೆಚ್ಚು ಹಿಡಿಯಿತು. ಡಿಪ್‌ಸ್ಟಿಕ್ ಇಲ್ಲದ ಗೇರ್‌ಬಾಕ್ಸಾದರೆ ಎಂಜಿನ್ ಓಡುತ್ತಿರುವಾಗ, ಕಂಪನಿ ಹೇಳಿದ ಶಾಖದಲ್ಲಿ, ಸಮನೆಲದ ಮೇಲೆ ಪ್ಲಗ್ ಬಿಚ್ಚಿ ನೋಡಬೇಕು. ನಮ್ಮಲ್ಲಿ ಸಮನೆಲ ಎಂದರೆ ಅಡಿಕೆ ಒಣಗಿಸುವ ಅಂಗಳ ಒಂದೇ. ಗೋಣಿ ಹಾಸಿ ಅಲ್ಲೇ ಮಾಡಿದ್ದು.

ಹಾಳಾದ ಕೂಲರ್ ಬಿಟ್ಟು ಪ್ಲೇಟ್ ಕೂಲರಿಗೆ ಎಲ್ಲ ಸೇರಿ 17,000 ಆಯಿತು. ವಾರವಾರ ಲೋಡ್ ಹೊತ್ತು ಘಾಟಿ ಹತ್ತುವ ನನಗೆ ಅದು ಸರಿ. ಟ್ಯೂಬ್ ಕೂಲರನ್ನು ಒಳ್ಳೆಯ ಹೋಸ್ ಹಾಕಿಸಿ ಭಾವನ ಗಾಡಿಗೆ ಕೊಟ್ಟೆ. ಅವರು ಶಿವಮೊಗ್ಗದಿಂದ ಬೆಂಗಳೂರಿಗೆ ಖಾಲಿ ಗಾಡಿಯಲ್ಲಿ ಓಡಾಡುವವರು, ಅವರಿಗೆ 17,000 ಖರ್ಚು ಮಾಡಿ ಎಂದು ನಾನು ಹೇಳುವುದಿಲ್ಲ. ನನ್ನ ಹಾಗೆ ಪ್ಲೇಟ್ ಕೂಲರೇ ಬೇಕೆಂದರೆ, ಪೆಟ್ಟಿಗೆ ಬಂದ ದಿನವೇ ಅದನ್ನು ಹೋಸ್ ಅಂಗಡಿಗೆ ಒಯ್ದು ಬಾಯಿಗೆ ಪಿಚ್ ಗೇಜ್ ಇಡಿಸಿ. ಗ್ಯಾರೇಜಿಗೆ ಹೋಗುವುದು ಆಮೇಲೆ.