‘ಫ್ರೀ ಪಾರ್ಕಿಂಗ್’ ಬೋರ್ಡ್ ನಂಬಿ 60 ಪೌಂಡ್ ಕಳೆದುಕೊಂಡೆ, ನೀವೂ ಕಳೆದುಕೊಳ್ಳಬೇಡಿ

ಇಂಗ್ಲೆಂಡ್‌ನಲ್ಲಿ ಕಾರ್ ಇಟ್ಟುಕೊಂಡಿರುವ ಕನ್ನಡದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೊಸದಾಗಿ ಬಂದವರಿಗೆ ಮಾತ್ರ ಅಂದುಕೊಳ್ಳಬೇಡಿ. ನಾನು ರೆಡಿಂಗ್‌ಗೆ ಬಂದು ಏಳು ವರ್ಷ ಆಯ್ತು. ಆದರೂ ಬಕ್ರಾ ಆದೆ. 60 ಪೌಂಡ್ ಹೋಯ್ತು. ಇನ್ನೊಂದು 100 ಪೌಂಡ್ ಸ್ವಲ್ಪದರಲ್ಲಿ ಉಳೀತು. ಯಾವ ಸೂಪರ್‌ಮಾರ್ಕೆಟ್, ಯಾವ ಪಾರ್ಕಿಂಗ್ ಕಂಪನಿ ಅಂತ ಕೇಳಬೇಡಿ, ಹೇಳುವುದಿಲ್ಲ. ಇಂಥ ಬೋರ್ಡ್ ನಿಮ್ಮ ಮನೆ ಹತ್ತಿರವೂ ಇರಬಹುದು.

ಆರು ವರ್ಷದಿಂದ ವಾರಕ್ಕೆ ಎರಡು ಸಲ ಅದೇ ಅಂಗಡಿಗೆ ಹೋಗುತ್ತೇವೆ. ಅಲ್ಲಿ ಪಾರ್ಕಿಂಗ್ ಯಾವತ್ತೂ ಫ್ರೀ. ಎರಡು ಗಂಟೆ ಮೀರಬಾರದು, ಅಷ್ಟೆ. ಒಳಗೆ ಹೋಗುವಾಗ ಕ್ಯಾಮೆರಾ ನಂಬರ್ ಪ್ಲೇಟ್ ಫೋಟೋ ತೆಗೆಯುತ್ತದೆ, ಹೊರಗೆ ಬರುವಾಗ ಇನ್ನೊಂದು. ಇದೆಲ್ಲ ನಿಮಗೂ ಗೊತ್ತಿರುವುದೇ. ನಾವು ಯಾವತ್ತೂ ಒಂದು ಗಂಟೆ ದಾಟಿದವರಲ್ಲ.

ನವೆಂಬರ್‌ನಲ್ಲಿ ಹಾಸನದಿಂದ ಅಮ್ಮ ಬಂದಿದ್ದರು. ಒಂದು ಶನಿವಾರ ಸಂಜೆ ಅವರನ್ನೂ ಕರೆದುಕೊಂಡು ಹೋದೆವು. 43 ಪೌಂಡ್ ಸಾಮಾನು ತಗೊಂಡು ಮುಕ್ಕಾಲು ಗಂಟೆಯಲ್ಲಿ ಹೊರಗೆ ಬಂದೆವು. ಆಮೇಲೆ ಮಂಗಳವಾರ ಹಾಲು, ಕೊತ್ತಂಬರಿ ಸೊಪ್ಪಿಗೆ ಅಂತ ಇನ್ನೊಂದು ಸಲ. ಅವತ್ತು 17 ನಿಮಿಷ. ಈ 17 ನಿಮಿಷ ನೆನಪಿಟ್ಟುಕೊಳ್ಳಿ.

ಮುಂದಿನ ವಾರ ಒಂದು ಕಾಗದ ಬಂತು. ನನ್ನ ಕಾರಿನ ಎರಡು ಕಪ್ಪು ಬಿಳುಪು ಫೋಟೋ. ಮೇಲೆ ದಪ್ಪಕ್ಷರದಲ್ಲಿ ‘ಪಾರ್ಕಿಂಗ್ ಚಾರ್ಜ್ ನೋಟಿಸ್’. 100 ಪೌಂಡ್, 14 ದಿನದೊಳಗೆ ಕಟ್ಟಿದರೆ 60. ಕಾರಣ ಏನಂತೆ? ‘ವಾಹನ ನೋಂದಾಯಿಸಿಲ್ಲ’. ನನ್ನ ಕಾರು ನನ್ನ ಹೆಸರಲ್ಲೇ ನೋಂದಣಿ ಆಗಿದೆಯಲ್ಲ, ಇನ್ನೇನು ನೋಂದಾಯಿಸಬೇಕು ಅಂತ ತಲೆ ಕೆಟ್ಟಿತು.

ಇಲ್ಲಿಂದ ಮುಂದಿನದು ಹೇಳಲಿಕ್ಕೇ ನಾಚಿಕೆ. ನಾನು ಅದನ್ನು ಪೊಲೀಸರ ದಂಡ ಅಂದುಕೊಂಡೆ. ಪಿಆರ್, ಅಂದರೆ ಇಲ್ಲೇ ಕಾಯಂ ಆಗಿ ಇರಲು ಅರ್ಜಿ ಹಾಕುವ ಹೊತ್ತು ಬೇರೆ. ಇದೊಂದು ಕಪ್ಪು ಚುಕ್ಕೆ ಆಗಿಬಿಟ್ಟರೆ? ಹೆಂಡತಿಗೆ ಹೇಳಲಿಲ್ಲ. ಅಮ್ಮನಿಗಂತೂ ಹೇಳಲೇ ಇಲ್ಲ. ರಾತ್ರಿ ಹನ್ನೊಂದು ಗಂಟೆಗೆ ಮಂಚದ ಮೇಲೆ ಕೂತು ಫೋನಲ್ಲೇ 60 ಪೌಂಡ್ ಕಟ್ಟಿದೆ. ಏಳು ಸಾವಿರ ರೂಪಾಯಿ! ಕಟ್ಟಿ ನೆಮ್ಮದಿಯಾಗಿ ಮಲಗಿದೆ. ನೆಮ್ಮದಿಯಾಗಿ, ನೋಡಿ.

ನಾಲ್ಕು ದಿನ ಬಿಟ್ಟು ಎರಡನೇ ಕಾಗದ. ಅದನ್ನು ಒಡೆದವಳು ಹೆಂಡತಿ.

“ರೀ, ಇದೇನಿದು? 17 ನಿಮಿಷಕ್ಕೆ ನೂರು ಪೌಂಡಾ?”

ಅಮ್ಮ ಅಡುಗೆಮನೆಯಿಂದ ಬಂದು ಕೇಳಿದರು: “ಅಲ್ಲ ಕಣೋ, ಅಂಗಡಿಗೆ ಹೋಗಿದ್ದಕ್ಕೂ ದುಡ್ಡಾ? ಬೆಂಗಳೂರಲ್ಲಿ ಇಪ್ಪತ್ತು ರೂಪಾಯಿ ಕೇಳಿದರೆ ಅಷ್ಟು ಜಗಳ ಆಡ್ತಿದ್ದೆಯಲ್ಲ.”

ಆಗ ಹಳೆಯದೂ ಹೊರಗೆ ಬಂತು. ಮೊದಲನೆಯದನ್ನು ಗುಟ್ಟಾಗಿ ಕಟ್ಟಿದ್ದು ಗೊತ್ತಾದ ಮೇಲೆ ಮನೆಯಲ್ಲಿ ಏನಾಯ್ತು ಅನ್ನುವುದನ್ನು ಬಿಡುತ್ತೇನೆ.

ಅವತ್ತೇ ಸಂಜೆ ಐದೂವರೆಗೆ, ಸಿಟ್ಟಲ್ಲಿ, ಆ ಕಾರ್ ಪಾರ್ಕ್‌ಗೆ ನಡೆದುಕೊಂಡೇ ಹೋದೆ. ಕಾರ್ ತಗೊಂಡು ಹೋಗಲು ಧೈರ್ಯ ಇರಲಿಲ್ಲ. ಬಾಗಿಲಲ್ಲಿ ಬೋರ್ಡ್ ಇದೆ. ದೂರದಿಂದಲೇ ಕಾಣುತ್ತದೆ: ‘ಗ್ರಾಹಕರಿಗೆ 2 ಗಂಟೆ ಫ್ರೀ ಪಾರ್ಕಿಂಗ್’. ಅಂಗೈ ಅಗಲದ ಅಕ್ಷರ. ಮೊದಲಿದ್ದ ಬಣ್ಣವೇ, ಮೊದಲಿದ್ದ ಜಾಗವೇ. ಅದರ ಕೆಳಗೆ ಆರು ಸಾಲು, ಇರುವೆ ಸಾಲಿನ ಹಾಗೆ. ಬೋರ್ಡ್ ನನ್ನ ತಲೆಗಿಂತ ಎತ್ತರ. ಅದಕ್ಕೊಂದು ದೀಪ ಇಲ್ಲ. ನವೆಂಬರ್‌ನಲ್ಲಿ ಇಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಫೋನಿನ ಟಾರ್ಚ್ ಹಾಕಿ, ಹಿಮ್ಮಡಿ ಎತ್ತಿ, ಕುತ್ತಿಗೆ ಚಾಚಿ ಓದಿದೆ. ನಾಲ್ಕನೇ ಸಾಲಲ್ಲಿ ಸಿಕ್ಕಿತು: ಗ್ರಾಹಕರು ಅಂಗಡಿ ಒಳಗಿನ ಟ್ಯಾಬ್ಲೆಟ್‌ನಲ್ಲಿ ತಮ್ಮ ಕಾರಿನ ನಂಬರ್ ಹಾಕಬೇಕು. 100 ಪೌಂಡ್ ಅನ್ನುವುದು ಕಟ್ಟಕಡೆಯ ಸಾಲಲ್ಲಿ.

ಅಲ್ಲೇ ನಿಂತುಬಿಟ್ಟೆ. ಫ್ರೀ ಅನ್ನುವುದು ಅಂಗೈ ಅಗಲ, ಷರತ್ತು ಇರುವೆ ಗಾತ್ರ. ಇದನ್ನು ಕಾರಲ್ಲಿ ಕೂತು, ರೌಂಡಬೌಟ್‌ನಿಂದ ತಿರುಗಿ ಬರುತ್ತಾ, ಹಿಂದೆ ನಾಲ್ಕು ಕಾರ್ ಇರುವಾಗ ಓದಬೇಕಂತೆ. ಹೇಗೆ ಓದುವುದು, ಹೇಳಿ?

ಒಳಗೆ ಹೋಗಿ ಆ ಟ್ಯಾಬ್ಲೆಟ್ ಹುಡುಕಿದೆ. ಐದು ನಿಮಿಷ ಹುಡುಕಿದೆ. ಕೊನೆಗೆ ಕ್ರಿಸ್‌ಮಸ್ ಚಾಕೊಲೇಟ್ ಡಬ್ಬಿಗಳ ಗೋಪುರದ ಹಿಂದೆ ಇತ್ತು. ಡಬ್ಬಿ ಸರಿಸಿ ಫೋಟೋ ತೆಗೆದೆ. ಅಲ್ಲಿನ ಹುಡುಗ ಕಳ್ಳನನ್ನು ನೋಡಿದ ಹಾಗೆ ನೋಡಿದ. ನಾನು ಕಳ್ಳ!

ಡ್ಯೂಟಿ ಮ್ಯಾನೇಜರ್‌ನ ಕರೆಸಿದೆ. ಎರಡೂ ದಿನದ ರಸೀದಿ ಬ್ಯಾಂಕ್ ಆ್ಯಪ್‌ನಲ್ಲಿ ತೋರಿಸಿದೆ. ಆಕೆ ಬಹಳ ಮರ್ಯಾದೆಯಿಂದ, ನಗುತ್ತಾ ಹೇಳಿದ್ದು: “ಕಾರ್ ಪಾರ್ಕ್ ನಮ್ಮದಲ್ಲ, ಬೇರೆ ಕಂಪನಿಯವರು ನೋಡಿಕೊಳ್ಳುತ್ತಾರೆ. ನಮ್ಮ ಕೈಯಲ್ಲಿ ಏನೂ ಇಲ್ಲ.” ಹಾಗಾದರೆ ಟ್ಯಾಬ್ಲೆಟ್ ಯಾರದು, ಅದರ ಮುಂದೆ ಡಬ್ಬಿ ಜೋಡಿಸಿದ್ದು ಯಾರು ಅಂದೆ. ಅದಕ್ಕೂ ನಗು. ಎಷ್ಟು ದಿನ ಆಯ್ತು ಈ ಟ್ಯಾಬ್ಲೆಟ್ ಇಟ್ಟು ಅಂತ ಕೇಳಿದೆ. “ಹೋದ ತಿಂಗಳು ಬಂತು” ಅಂದಳು. ಆಕೆಗೆ ಗೊತ್ತಿಲ್ಲದೆ ಆಡಿದ ಆ ಒಂದು ಮಾತೇ ಆಮೇಲೆ ನನಗೆ ಕೆಲಸಕ್ಕೆ ಬಂತು. ಮನೆಗೆ ಬಂದ ತಕ್ಷಣ ದಿನ, ಗಂಟೆ ಹಾಕಿ ಬರೆದಿಟ್ಟುಕೊಂಡೆ.

ಮಿಲ್ಟನ್ ಕೀನ್ಸ್‌ನಲ್ಲಿರುವ ಗೆಳೆಯನಿಗೆ ಫೋನ್ ಮಾಡಿದೆ. ಅವನ ಮೊದಲ ಪ್ರಶ್ನೆ, “ಲೋ, ಕಟ್ಟಿಬಿಟ್ಟೆಯಾ?” ಕಟ್ಟಿದರೆ ಮುಗೀತಂತೆ, ಆಮೇಲೆ ಮೇಲ್ಮನವಿ ಇಲ್ಲ. ಇದು ದಂಡವೇ ಅಲ್ಲ ಅಂತ ಅವನಿಂದಲೇ ಗೊತ್ತಾಗಿದ್ದು. ಕೌನ್ಸಿಲ್‌ನವರು, ಅಂದರೆ ಇಲ್ಲಿನ ನಗರಸಭೆಯವರು, ಕೊಡುವುದು ‘ಪೆನಾಲ್ಟಿ’ ಚಾರ್ಜ್. ಖಾಸಗಿಯವರು ಕೊಡುವುದು ‘ಪಾರ್ಕಿಂಗ್’ ಚಾರ್ಜ್, ಅಂದರೆ ಬರೀ ಒಂದು ಬಿಲ್. ಎರಡಕ್ಕೂ ಪಿಸಿಎನ್ ಅಂತಲೇ ಹೆಸರು. ಗೊಂದಲ ಆಗಲಿ ಅಂತಲೇ ಇಟ್ಟಿದ್ದಾರೆ ಅಂತ ನನ್ನ ಗುಮಾನಿ. ಪೊಲೀಸರಿಗೂ ವೀಸಾಕ್ಕೂ ಇದಕ್ಕೂ ಸಂಬಂಧ ಇಲ್ಲ. ನಮ್ಮ ವಿಳಾಸವನ್ನು ಡಿವಿಎಲ್ಎ, ಅಂದರೆ ವಾಹನ ನೋಂದಣಿಯ ಸರ್ಕಾರಿ ಇಲಾಖೆಯಿಂದ ಎರಡೂವರೆ ಪೌಂಡ್ ಕೊಟ್ಟು ತಗೊಳ್ಳುತ್ತಾರೆ ಅಂತಲೂ ಅವನೇ ಹೇಳಿದ. ಎರಡೂವರೆ ಹಾಕಿ ನೂರು ಕೇಳುವುದು. ಒಳ್ಳೆ ವ್ಯಾಪಾರ.

ಎರಡನೇ ನೋಟಿಸ್‌ಗೆ ಕಂಪನಿಗೇ ಮೊದಲು ಮನವಿ ಹಾಕಿದೆ. ಎಂಟು ಫೋಟೋ ಕಳಿಸಿದೆ. ಹತ್ತು ದಿನಕ್ಕೆ ಉತ್ತರ: “ಜಾಗದ ತುಂಬಾ ಸ್ಪಷ್ಟವಾದ, ಎದ್ದು ಕಾಣುವ ಬೋರ್ಡ್‌ಗಳಿವೆ. ಓದಿ ಪಾಲಿಸುವುದು ಚಾಲಕರ ಜವಾಬ್ದಾರಿ.” ಸ್ಪಷ್ಟವಾದ, ಎದ್ದು ಕಾಣುವ! ಜೊತೆಗೆ ಬೋರ್ಡಿನ ಚಿತ್ರ ಕಳಿಸಿದ್ದರು. ಅದು ಕಂಬದ ಮೇಲಿರುವ ಬೋರ್ಡಿನ ಫೋಟೋ ಅಲ್ಲವೇ ಅಲ್ಲ. ಕಂಪ್ಯೂಟರಿನಲ್ಲಿ ಮಾಡಿದ ಡಿಸೈನ್. ಪರದೆ ತುಂಬಾ ದೊಡ್ಡದು ಮಾಡಿ ನೋಡಿದರೆ ಯಾವ ಅಕ್ಷರ ತಾನೇ ಎದ್ದು ಕಾಣಲ್ಲ? ಕತ್ತಲಿನ ಬಗ್ಗೆ ಒಂದು ಮಾತಿಲ್ಲ. ಚಾಕೊಲೇಟ್ ಡಬ್ಬಿ ಬಗ್ಗೆ ಒಂದು ಮಾತಿಲ್ಲ. ನನ್ನ ಒಂದು ಫೋಟೋವನ್ನೂ ತೆರೆದು ನೋಡಿರಲಿಕ್ಕಿಲ್ಲ.

ಕೊನೆಯಲ್ಲಿ ಬೀವಿಸ್ ಕೇಸ್ ಅಂತ ಒಂದು ಗುಮ್ಮ ಬಿಟ್ಟಿದ್ದರು. ಇಲ್ಲಿನ ಸುಪ್ರೀಂ ಕೋರ್ಟೇ ಇಂಥ ಚಾರ್ಜ್ ಸರಿ ಅಂದಿದೆ ಅಂತ. ಒಂದು ರಾತ್ರಿ ಕೂತು ಓದಿದೆ. 2015ರ ತೀರ್ಪು. ಚೆಲ್ಮ್ಸ್‌ಫರ್ಡ್‌ನ ಒಂದು ರೀಟೇಲ್ ಪಾರ್ಕ್‌ನಲ್ಲಿ ಬೀವಿಸ್ ಅನ್ನುವವರು ಎರಡು ಗಂಟೆಯ ಮೇಲೆ 56 ನಿಮಿಷ ಜಾಸ್ತಿ ಕಾರ್ ನಿಲ್ಲಿಸಿದ್ದರು. 85 ಪೌಂಡ್ ಕೊಡಬೇಕು ಅಂತ ಕೋರ್ಟ್ ಹೇಳಿದ್ದು ನಿಜ. ಆದರೆ ಯಾಕೆ? ಅಲ್ಲಿ ಸುಮಾರು 20 ಬೋರ್ಡ್ ಇದ್ದವು, ಅವು ದೊಡ್ಡವು, ಓದಲು ಬರುವಂಥವು, 85 ಪೌಂಡ್ ಅನ್ನುವುದೂ ಎದ್ದು ಕಾಣುತ್ತಿತ್ತು ಅಂತ. ಅಂದರೆ ಅವರು ನನ್ನ ಮೇಲೆ ಎಸೆದ ಕಲ್ಲು ನನ್ನ ಕೈಗೇ ಬಂತು! ಇಲ್ಲಿ 100 ಪೌಂಡ್ ನೋಡಲು ಟಾರ್ಚ್ ಬೇಕು.

ತಿರಸ್ಕಾರದ ಪತ್ರದಲ್ಲೇ ಪೋಪ್ಲಾದ ಕೋಡ್ ಕೊಟ್ಟಿರುತ್ತಾರೆ. ಪೋಪ್ಲಾ ಅಂದರೆ ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ ಸದಸ್ಯ ಕಂಪನಿಗಳ ಮೇಲೆ ಮನವಿ ಹಾಕುವ ಜಾಗ. ಇನ್ನೊಂದು ಸಂಘದ ಕಂಪನಿ ಆದರೆ ಐಎಎಸ್ ಅಂತ ಬೇರೆ ಇದೆ. ಪೋಪ್ಲಾಕ್ಕೆ ಹಾಕಲು 28 ದಿನ ಸಮಯ, ನಮಗೆ ಖರ್ಚಿಲ್ಲ. ಆದರೆ ಅಲ್ಲಿಗೆ ಹೋದರೆ 60ರ ರಿಯಾಯಿತಿ ಹೋಗುತ್ತದೆ, ಸೋತರೆ ಪೂರ್ತಿ 100 ಕೇಳುತ್ತಾರೆ. ಅದನ್ನು ಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದರು. ನೋಡಿದಿರಾ? ಹೆದರಿಸುವ ವಿಷಯ ಆದರೆ ಇವರಿಗೆ ದಪ್ಪಕ್ಷರ ಸಿಗುತ್ತದೆ.

ನಾನು ಬರೆದದ್ದು ಮೂರೇ ವಿಷಯ. ಬೋರ್ಡ್ ಓದಲು ಬರಲ್ಲ, ಕತ್ತಲಲ್ಲಂತೂ ಇಲ್ಲವೇ ಇಲ್ಲ. ‘ಫ್ರೀ’ ಅಂತ ದೊಡ್ಡದಾಗಿ ಬರೆದು ಷರತ್ತು ಸಣ್ಣದಾಗಿ ಬರೆದರೆ ಅರ್ಥ ಎರಡಾಗುತ್ತದೆ, ಹಾಗೆ ಎರಡು ಅರ್ಥ ಬಂದಾಗ ಗ್ರಾಹಕನಿಗೆ ಅನುಕೂಲವಾದದ್ದನ್ನೇ ಹಿಡಿಯಬೇಕು ಅಂತ 2015ರ ಗ್ರಾಹಕರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಮೂರನೆಯದು ಮ್ಯಾನೇಜರ್ ಮಾತು. ಪಾರ್ಕಿಂಗ್ ಕಂಪನಿಗಳ ಎರಡೂ ಸಂಘದವರು 2024ರಲ್ಲಿ ತಾವೇ ಒಂದು ನಿಯಮಾವಳಿ ಮಾಡಿಕೊಂಡಿದ್ದಾರೆ. ನಿಯಮ ಬದಲಾದರೆ, ಬದಲಾಗಿದೆ ಅಂತ ಬಾಗಿಲಲ್ಲಿ ಕನಿಷ್ಠ ನಾಲ್ಕು ತಿಂಗಳು ಬೇರೆಯೇ ಬೋರ್ಡ್ ಹಾಕಬೇಕು ಅಂತ ಅದರಲ್ಲಿದೆ. ಟ್ಯಾಬ್ಲೆಟ್ ಬಂದದ್ದು ಹೋದ ತಿಂಗಳು. ಬಾಗಿಲಲ್ಲಿ ಅಂಥ ಬೋರ್ಡ್ ಇರಲಿಲ್ಲ. ಫೋಟೋ ಇತ್ತು ನನ್ನ ಹತ್ತಿರ.

ಐದು ವಾರ ಆದ ಮೇಲೆ ಒಂದು ಸಾಲಿನ ಇಮೇಲ್ ಬಂತು. ಕಂಪನಿ ಹಿಂದೆ ಸರಿದಿದೆ, ಚಾರ್ಜ್ ರದ್ದಾಗಿದೆ. ಅಷ್ಟೆ! ಬೋರ್ಡ್ ಸರಿಯೋ ತಪ್ಪೋ ಅಂತ ಯಾರೂ ತೀರ್ಮಾನ ಮಾಡಲಿಲ್ಲ. ಮಾಡುವುದು ಅವರಿಗೆ ಬೇಕಾಗಿಯೂ ಇರಲಿಲ್ಲ. ಗಟ್ಟಿಯಾಗಿ ಕೇಳಿದವನನ್ನು ಬಿಟ್ಟು, ಸುಮ್ನೆ ಕಟ್ಟುವವರ ಹತ್ತಿರ ತಗೊಂಡರಾಯ್ತು. ನನ್ನ ಹಾಗೆ ಹನ್ನೊಂದು ಗಂಟೆ ರಾತ್ರಿ ಕಟ್ಟುವವರು ಎಷ್ಟು ಜನ ಇಲ್ಲ!

ಗೆದ್ದ ಹುರುಪಲ್ಲಿ ಮೊದಲ 60 ಪೌಂಡ್ ವಾಪಸ್ ಕೊಡಿ ಅಂತ ಬರೆದೆ. ಅದೇ ಬೋರ್ಡ್, ಅದೇ ವಾರ, ಅದೇ ಟ್ಯಾಬ್ಲೆಟ್. ಉತ್ತರ ಮಾತ್ರ ಮರುದಿನವೇ ಬಂತು: “ಹಣ ಪಾವತಿಸಿರುವುದರಿಂದ ಹೊಣೆಯನ್ನು ಒಪ್ಪಿಕೊಂಡಂತೆ. ಪ್ರಕರಣ ಮುಕ್ತಾಯವಾಗಿದೆ.” ಇನ್ನೆರಡು ಸಲ ಬರೆದೆ. ಅದೇ ಎರಡು ವಾಕ್ಯ, ಅಕ್ಷರವೂ ಬದಲಾಗಲಿಲ್ಲ.

ಹಾಗಾಗಿ ಹೇಳುತ್ತೇನೆ, ಕಾಗದ ಬಂದ ರಾತ್ರಿ ದುಡ್ಡು ಕಟ್ಟಬೇಡಿ. ಮನೆಯವರಿಗೆ ತೋರಿಸಿ ಮೊದಲು. ಹಾಗಂತ ಕಸದ ಬುಟ್ಟಿಗೂ ಹಾಕಬೇಡಿ. ಮೊದಲು ಅಂಗಡಿಯವರ ಹತ್ತಿರ ರಸೀದಿ ಹಿಡಿದು ಹೋಗಿ, ಕೆಲವು ಕಡೆ ಅವರೇ ರದ್ದು ಮಾಡಿಸುತ್ತಾರೆ, ನನಗೆ ಅದೃಷ್ಟ ಇರಲಿಲ್ಲ. ಫೋಟೋಗಳನ್ನು ನೀವು ಹೋಗಿದ್ದ ಹೊತ್ತಿನಲ್ಲೇ, ಕಾರಿನ ಸೀಟಿನ ಎತ್ತರದಿಂದಲೇ ತೆಗೆಯಿರಿ. ಯಾರು ಓಡಿಸುತ್ತಿದ್ದರು ಅಂತ ನೀವಾಗಿ ಬರೆಯಬೇಡಿ, ‘ಈ ಕಾರಿನ ಕೀಪರ್’ (ಡಿವಿಎಲ್ಎಯಲ್ಲಿ ಕಾರ್ ಯಾರ ಹೆಸರಲ್ಲಿದೆಯೋ ಅವರು) ಅಂತ ಮಾತ್ರ ಬರೆಯಿರಿ. ಬರೀ ಕ್ಯಾಮೆರಾ ನೋಡಿ ಕಳಿಸಿದ ನೋಟಿಸ್ ಆದರೆ ಕಾರ್ ನಿಲ್ಲಿಸಿದ ಮೇಲೆ 14 ದಿನದೊಳಗೆ ನಿಮ್ಮ ಕೈ ಸೇರಿರಬೇಕು. ಇಲ್ಲದಿದ್ದರೆ 2012ರ ಕಾಯ್ದೆ ಪ್ರಕಾರ ಕೀಪರ್ ತಲೆಗೆ ಕಟ್ಟಲು ಬರಲ್ಲ. ಇದು ಇಂಗ್ಲೆಂಡ್, ವೇಲ್ಸ್ ಲೆಕ್ಕ, ಸ್ಕಾಟ್ಲೆಂಡ್‌ನವರು ಅಲ್ಲಿಯದು ಕೇಳಿಕೊಳ್ಳಿ. ಸಾಲ ವಸೂಲಿಯವರು 70 ಪೌಂಡ್ ಸೇರಿಸಿ ಕೆಂಪಕ್ಷರದಲ್ಲಿ ಬರೆದರೆ ಬೆದರಬೇಡಿ, ಅವರು ಮನೆಗೆ ಬಂದು ಏನೂ ಎತ್ತಿಕೊಂಡು ಹೋಗುವಂತಿಲ್ಲ. ಆದರೆ ಕೌಂಟಿ ಕೋರ್ಟ್ ಕಾಗದ ಬಂದರೆ ಮಾತ್ರ ಗಡುವಿನೊಳಗೆ ಉತ್ತರ ಕೊಡಲೇಬೇಕು. ಸುಮ್ಮನಿದ್ದು ತೀರ್ಪು ಆಗಿ, ದುಡ್ಡೂ ಕಟ್ಟದಿದ್ದರೆ ಆರು ವರ್ಷ ಕ್ರೆಡಿಟ್ ದಾಖಲೆಯಲ್ಲಿ ಕೂರುತ್ತದೆ, ಮನೆ ಸಾಲಕ್ಕೆ ಹೋದಾಗ ಗೊತ್ತಾಗುತ್ತದೆ.

ಹೋದ ಭಾನುವಾರ ಆ ಕಡೆ ನಡೆದು ಹೋಗುತ್ತಿದ್ದೆ. ಬೋರ್ಡ್ ಹಾಗೇ ಇದೆ. ಒಬ್ಬರು ಕಾರ್ ನಿಲ್ಲಿಸಿ ಮಗುವನ್ನು ಟ್ರಾಲಿಯಲ್ಲಿ ಕೂರಿಸುತ್ತಿದ್ದರು. ತಡೆಯಲಾಗದೆ ಹತ್ತಿರ ಹೋಗಿ, ಒಳಗೆ ಟ್ಯಾಬ್ಲೆಟ್‌ನಲ್ಲಿ ನಂಬರ್ ಹಾಕುವುದು ಮರೀಬೇಡಿ ಅಂದೆ. ಅವರು ಒಂದು ಸಲ ನನ್ನನ್ನು ಮೇಲಿಂದ ಕೆಳಗೆ ನೋಡಿ, ಬೋರ್ಡ್ ಕಡೆ ಕೈ ತೋರಿಸಿದರು.

“ಫ್ರೀ ಅಂತ ಬರೆದಿದ್ದಾರಲ್ಲ?”